ಕುಂದಲಹಳ್ಳಿ ಜಲ್ಲಿಯಲ್ಲಿ ಚಿನ್ನ ಸಿಕ್ಕ ವಾರ

ನಾನು ಚಿನ್ನದ ಗಣಿಗಳ ಲೆಕ್ಕ ಹಾಕುವವನು ಎಂದು ಗೊತ್ತಾದ ಕೂಡಲೇ ಜನ ಕೇಳುತ್ತಿದ್ದದ್ದು ಒಂದೇ ಮಾತು. "ಮುನಿರಾಜಣ್ಣ, ಈಗ ತಗೊಳ್ಳೋದಾ, ಇಲ್ಲಾ ಇನ್ನೂ ಇಳಿಯುತ್ತಾ?" ಕಾಡುಗೋಡಿಯ ಕ್ಷೌರದಂಗಡಿಯಲ್ಲಿ ಕತ್ತಿ ಗಂಟಲ ಮೇಲಿರುವಾಗಲೂ ಇದೇ ಪ್ರಶ್ನೆ, ಸಾವಿನ ಮನೆಗೆ ಹೋದರೂ ಇದೇ ಪ್ರಶ್ನೆ. ಮೂವತ್ತನಾಲ್ಕು ವರ್ಷ ನಾನು ಕೊಟ್ಟ ಉತ್ತರವೂ ಒಂದೇ, "ರೇಟು ನಂಗೊತ್ತಿಲ್ಲಪ್ಪ." ಯಾರೂ ನಂಬಲಿಲ್ಲ. ಗುಟ್ಟು ಬಿಟ್ಟುಕೊಡದ ಜುಗ್ಗ ಎಂದು ನನ್ನ ಷಡ್ಡಕನೇ ಎರಡು ವರ್ಷ ಮಾತು ಬಿಟ್ಟಿದ್ದ.

ಈಗ ನಿವೃತ್ತನಾಗಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು "ನಿಮ್ಮ ಕಾಲದ್ದು ಹೇಳಿ ಸಾರ್" ಎನ್ನುತ್ತಾರೆ. ಬಾಯಲ್ಲಿ ಹೇಳಲು ಕೂತರೆ ನಾನು ವಿಷಯ ಬಿಟ್ಟು ಊರೆಲ್ಲ ಸುತ್ತಿ ಬರುತ್ತೇನೆ ಎಂದು ನನ್ನ ಹೆಂಡತಿಯ ದೂರು. ಬರೆದರೂ ಹಾಗೇ ಆದೀತು, ಸಹಿಸಿಕೊಳ್ಳಿ. ಬಡ್ತಿ, ಸನ್ಮಾನಗಳ ವಿಚಾರ ಮಾತ್ರ ಬರೆಯುವುದಿಲ್ಲ. ಕೊಟ್ಟ ಶಾಲುಗಳೆಲ್ಲ ಬೀರುವಿನಲ್ಲಿವೆ, ನುಸಿಗೆ ಊಟವಾಗಿವೆ.

ಕೆಲಸ ಏನೆಂದರೆ, ಮುಂದಿನ ಇಪ್ಪತ್ತು ವರ್ಷ ನಮ್ಮ ದೇಶದ ಗಣಿಗಳಿಂದ ಎಷ್ಟು ಚಿನ್ನ ಬರಬಹುದು, ಒಂದು ಗ್ರಾಂ ಹೊರತೆಗೆಯಲು ಎಷ್ಟು ಖರ್ಚಾಗಬಹುದು ಎಂದು ಅಂದಾಜು ಕಟ್ಟುವುದು. ವೈಟ್‌ಫೀಲ್ಡಿನಲ್ಲಿ ನಮ್ಮ ಕಚೇರಿ. ವರ್ಷಕ್ಕೊಂದು ವರದಿ, ಅದರ ಹೆಸರು 'ಮುನ್ನೋಟ'. ಗಣಿಗೆ ಇಳಿಯುವ ಹೊಸ ಬಾವಿ ತೋಡಲು ವರ್ಷಗಟ್ಟಲೆ ಹಿಡಿಯುತ್ತದೆ. ತೋಡುವುದೋ ಬೇಡವೋ ಎಂದು ತೀರ್ಮಾನಿಸುವವರು ನಮ್ಮ ವರದಿ ನೋಡುತ್ತಿದ್ದರು. ಗಣಿ ಆಳಕ್ಕೆ ಹೋದಷ್ಟೂ ನೀರು ಎತ್ತಬೇಕು, ಗಾಳಿ ಇಳಿಸಬೇಕು, ಕರೆಂಟು ಬಿಲ್ಲು ಏರುತ್ತದೆ, ಕಲ್ಲಿನಲ್ಲಿ ಚಿನ್ನ ಮಾತ್ರ ಕಡಿಮೆಯಾಗುತ್ತ ಬರುತ್ತದೆ. ಈ ಎರಡರ ಜಗಳ ಬಿಡಿಸುವುದರಲ್ಲೇ ನನ್ನ ಆಯಸ್ಸು ಕಳೆಯಿತು, ಬಹಳ ಸಂತೋಷವಾಗಿ ಕಳೆಯಿತು.

ನನ್ನ ಮೊದಲ ಮೇಲಧಿಕಾರಿ ಸಂಪಂಗಪ್ಪನವರು. ಸದಾ ಬಿಳಿ ಅಂಗಿ, ಜೇಬಿನಲ್ಲಿ ಮೂರು ಪೆನ್ಸಿಲ್. ಕೆಲಸಕ್ಕೆ ಸೇರಿದ ದಿನ ಮೇಜಿನ ಮೇಲೆ ಎರಡು ಕಲ್ಲಿಟ್ಟು, "ಇದ್ರಲ್ಲಿ ಯಾವ್ದು ಅದಿರು, ಯಾವ್ದು ಬರೀ ಕಲ್ಲು, ಹೇಳಯ್ಯ" ಎಂದರು. ನಾನು ಕಿಟಕಿಯ ಬೆಳಕಿಗೆ ಹಿಡಿದು, ಹಲ್ಲಿನಿಂದ ಕಚ್ಚಿ ನೋಡಿ, ಫಳಫಳ ಹೊಳೆಯುವುದನ್ನು ತೋರಿಸಿದೆ.

"ಎರಡೂ ಒಂದೇ ಬಂಡೆದು ಕಣಯ್ಯ. ಹೊಳೀತಿರೋದು ಗಂಧಕ ಬೆರೆತ ಕಬ್ಬಿಣ. ತೆಗೆಯೋ ಖರ್ಚು ಚಿನ್ನದ ಬೆಲೆಗಿಂತ ಕಡಿಮೆ ಆದ್ರೆ ಅದಿರು, ಜಾಸ್ತಿ ಆದ್ರೆ ಕಲ್ಲು. ಇವತ್ತು ಕಲ್ಲಾಗಿರೋದು ಬೆಲೆ ಏರಿದ್ರೆ ನಾಳೆ ಅದಿರಾಗುತ್ತೆ. ಅದಿರು ನೆಲದಲ್ಲಿ ಇರಲ್ಲ, ನಿನ್ನ ಲೆಕ್ಕದಲ್ಲಿ ಇರುತ್ತೆ."

ಇದು ಅವರ ಮೊದಲ ಪಾಠ. ಎರಡನೆಯದು, "ಕಲ್ಲು ಮುಟ್ಟದೆ ಲೆಕ್ಕ ಬರೀಬೇಡ." ಮೊದಲನೆಯದು ನನಗೆ ಅನ್ನ ಕೊಟ್ಟಿತು. ಎರಡನೆಯದು ಏನು ಮಾಡಿತೆಂದು ಮುಂದೆ ಹೇಳುತ್ತೇನೆ.

ನನ್ನ ಮೊದಲ ಎಡವಟ್ಟು ಎರಡನೇ ವರ್ಷದ್ದು. ಒಂದು ಗಣಿಯ ಬಂಡೆಯೊಳಗೆ ಚಿನ್ನವಿರುವ ಪಟ್ಟಿ ಒಂದು ಗೇಣು ಅಗಲ ಇತ್ತು. ಆ ಒಂದು ಗೇಣನ್ನೇ ಅಗೆದು ತೆಗೆಯುವ ಹಾಗೆ ನಾನು ಖರ್ಚು ಬರೆದೆ. ಲೆಕ್ಕ ಮುತ್ತಿನಂತೆ ಬಂತು. ಸಂಪಂಗಪ್ಪನವರು ಏನೂ ಹೇಳದೆ ನನ್ನನ್ನು ಆ ಗಣಿಗೇ ಕಳಿಸಿದರು. ಅಲ್ಲಿನ ಹಳೆಯ ಮೇಸ್ತ್ರಿ ನನ್ನ ಹಾಳೆ ನೋಡಿ, ಕನ್ನಡಕ ಸರಿಮಾಡಿಕೊಂಡು, "ಸಾರ್, ಅಗೆಯೋ ಮನುಷ್ಯ ಒಳಗೆ ನಿಂತ್ಕೋಬೇಕಲ್ವಾ? ನಿಮ್ ಲೆಕ್ಕದಾಗೆ ಹಲ್ಲಿ ಮಾತ್ರ ಹೋಗ್‌ಬೋದು" ಎಂದ. ಮನುಷ್ಯ ನಿಲ್ಲಬೇಕಾದರೆ ಅಕ್ಕಪಕ್ಕದ ಬರಿ ಬಂಡೆಯನ್ನೂ ಒಡೆಯಬೇಕು, ಎತ್ತಬೇಕು, ಪುಡಿ ಮಾಡಬೇಕು. ಖರ್ಚು ಮೂರು ಪಟ್ಟು. ಕಚೇರಿಯಲ್ಲಿ ಒಂದು ವರ್ಷ ನನ್ನನ್ನು ಹಲ್ಲಿ ಎಂದೇ ಕರೆದರು.

ಆಗ ಲೆಕ್ಕವೆಲ್ಲ ಕೈಯಲ್ಲಿ. ದೊಡ್ಡ ಹಾಳೆಗಳನ್ನು ಮೈದಾ ಅಂಟಿನಿಂದ ಜೋಡಿಸಿ ನೆಲದ ಮೇಲೆ ಹಾಸಿ, ಚಪ್ಪಲಿ ಬಿಟ್ಟು, ಅದರ ಮೇಲೆ ಮೊಣಕಾಲೂರಿ ಬರೆಯುತ್ತಿದ್ದೆವು. ಒಂದು ಸಲ ಜಿರಳೆಗಳು ಅಂಟಿನ ಆಸೆಗೆ ಐದು ವರ್ಷದ ಅಂದಾಜು ತಿಂದು ಹಾಕಿದವು. ಆಮೇಲೆ ಕಂಪ್ಯೂಟರ್ ಬಂತು. ಸಂಪಂಗಪ್ಪನವರು ಅದನ್ನು ನಂಬದೆ ಒಂದು ವರ್ಷವಿಡೀ ಅದೇ ಲೆಕ್ಕವನ್ನು ಪೆನ್ಸಿಲಿನಲ್ಲೂ ಮಾಡಿ ತಪ್ಪು ಹುಡುಕಿದರು. ಒಂದೂ ಸಿಗದೆ ನಿರಾಶರಾಗಿ ನಿವೃತ್ತರಾದರು.

ನನ್ನ ಕೊನೆಯ ವರ್ಷಗಳಲ್ಲಿ ವಿನಯ್ ನಮ್ಮ ಮುಖ್ಯಸ್ಥನಾಗಿ ಬಂದ. ನನ್ನ ವಯಸ್ಸಿನ ಅರ್ಧದವನು. ಸಂಕಟ ಆಯಿತೇ ಎಂದರೆ, ಆಯಿತು, ಹದಿನೈದು ದಿನ. ಆಮೇಲೆ ಹುಡುಗ ಇಷ್ಟವಾದ. ಬೆಲೆ, ಕರೆಂಟು, ಕೂಲಿ, ಆಳ, ಎಲ್ಲವನ್ನೂ ಒಂದು ಮಾಡೆಲ್‌ನಲ್ಲಿ ತುಂಬಿಸಿ ಗುಂಡಿ ಒತ್ತಿದರೆ ಇಪ್ಪತ್ತು ವರ್ಷದ ಗೆರೆ ಪರದೆಯ ಮೇಲೆ ಬರುತ್ತಿತ್ತು. ನಾವು ಆರು ತಿಂಗಳು ಮೊಣಕಾಲು ಸವೆಸಿದ ಕೆಲಸ ಅವನಿಗೆ ಒಂದು ಕಾಫಿಯ ಹೊತ್ತು. ಆದರೆ ಅವನು ಕಲ್ಲು ಮುಟ್ಟಿದವನಲ್ಲ. ನಾನು ಮುಟ್ಟಿದವನು ಎಂಬ ಜಂಬ ನನಗಿತ್ತು.

ಮೆಟ್ರೊ ಕಾಡುಗೋಡಿಯವರೆಗೆ ಬಂದು ಸ್ವಲ್ಪ ದಿನವಾಗಿತ್ತು. ಆಗ ನಮಗೆ ಒಂದು ಒಳ್ಳೆಯ ಕೆಲಸ ಬಂತು. ಉತ್ತರ ಕರ್ನಾಟಕದ ಹಳೆಯ ಗಣಿಯೊಂದರ ಪಕ್ಕ ಮರಳಿನ ಗುಡ್ಡವೊಂದಿತ್ತು. ಹಿಂದಿನವರು ಕಲ್ಲು ಅರೆದು ಚಿನ್ನ ತೆಗೆದು ಉಳಿದ ಪುಡಿಯನ್ನು ಅಲ್ಲಿ ಸುರಿದಿದ್ದರು. ಆ ಕಾಲದ ವಿಧಾನ ಒರಟು, ಹಾಗಾಗಿ ಪುಡಿಯಲ್ಲಿ ಇನ್ನೂ ಅಷ್ಟಿಷ್ಟು ಚಿನ್ನ ಉಳಿದಿರುತ್ತದೆ. ಅಗೆಯುವ ಖರ್ಚಿಲ್ಲ, ಅರೆಯುವ ಖರ್ಚಿಲ್ಲ. ಟನ್ನಿಗೆ ಸಾಕಷ್ಟು ಚಿನ್ನ ಇದೆಯೆಂದು ಗೊತ್ತಾದರೆ ಮುನ್ನೋಟಕ್ಕೆ ಹಲವು ವರ್ಷಗಳ ಅಗ್ಗದ ಚಿನ್ನ ಸೇರುತ್ತದೆ. ಗುಡ್ಡದ ಮೂಲೆ ಮೂಲೆಯಿಂದ ಮರಳಿನ ಚೀಲಗಳು ಪೀಣ್ಯದ ಒಂದು ಪ್ರಯೋಗಾಲಯಕ್ಕೆ ಬಂದವು.

ಪ್ರತಿ ಗುರುವಾರ ನಾನು ಮೆಟ್ರೊ ಹತ್ತಿ ಪೀಣ್ಯಕ್ಕೆ ಹೊರಟೆ. ಯಾರೂ ಕಳಿಸಿದ್ದಲ್ಲ. ಕಲ್ಲು ಮುಟ್ಟದೆ ಲೆಕ್ಕ ಬರೆಯಬಾರದಲ್ಲ.

ಅಲ್ಲಿ ಮರಳು ಹದ ಮಾಡುವ ಕೋಣೆ ಹುಲಿಗೆಮ್ಮನದು. ಲಿಂಗಸೂಗೂರಿನ ಕಡೆಯವಳು, ಗುತ್ತಿಗೆ ಕಂಪನಿಯ ಮೂಲಕ ಮೂರು ವರ್ಷದಿಂದ ಅಲ್ಲಿದ್ದಳು. ಗಂಡ ಕಟ್ಟಡದ ಕೆಲಸಕ್ಕೆ ಊರೂರು ಹೋಗುವವನು. ಇವಳ ಕೆಲಸ ಕಾಯಂ ಇದ್ದದ್ದರಿಂದಲೇ ಪೀಣ್ಯದಲ್ಲಿ ಒಂದು ಬಾಡಿಗೆ ಕೋಣೆ, ಹತ್ತಿರದ ಸರಕಾರಿ ಶಾಲೆಯಲ್ಲಿ ಮಗಳಿಗೆ ಒಂಬತ್ತನೇ ತರಗತಿ. ಅವಳು ಚೀಲದ ಮರಳನ್ನು ಟಾರ್ಪಾಲಿನ ಮೇಲೆ ಸುರಿದು ಕಲಸಿ, ರಾಶಿ ಮಾಡಿ, ಚಪ್ಪಟೆ ತಟ್ಟಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಎಸೆಯುವಳು. ಉಳಿದದ್ದನ್ನು ಮತ್ತೆ ಕಲಸಿ ಮತ್ತೆ ನಾಲ್ಕು ಪಾಲು. ಹೀಗೆ ಇಡೀ ಚೀಲದ ಗುಣ ಒಂದು ಹಿಡಿಗೆ ಬರುವವರೆಗೆ. ಆ ಹಿಡಿ ಕುಲುಮೆಗೆ ಹೋಗುತ್ತಿತ್ತು.

ರಾಗಿ ಒಕ್ಕುವ ಕಣ ನೋಡಿ ಬೆಳೆದವನು ನಾನು, ಸುಮ್ಮನೆ ನಿಲ್ಲುವುದಾಗಲಿಲ್ಲ. ಪ್ಯಾಂಟು ಮೇಲೆತ್ತಿ ಕೂತು ನಾನೂ ಕಲಸತೊಡಗಿದೆ. "ಬ್ಯಾಡ್ರಿ ಸರ, ಕೈ ಹೊಲಸಾಕ್ಕಾವ" ಎಂದಳು. "ಗ್ಲೌಸಾದ್ರೂ ಹಾಕ್ಕೋರಿ" ಎಂದಳು. ಕೈಗೆ ಗ್ಲೌಸು ಹಾಕಿದರೆ ಮರಳಿನ ಹದ ತಿಳಿಯುವುದಿಲ್ಲ ಎಂದು ನಾನು ಉಪದೇಶ ಮಾಡಿದೆ. ಗುರುವಾರಕ್ಕೆ ಆರು ಚೀಲ, ಏಳು ಚೀಲ ನಾನೇ ಮುಗಿಸುತ್ತಿದ್ದೆ. ಮಧ್ಯಾಹ್ನ ಅವಳ ಜೋಳದ ರೊಟ್ಟಿ, ಶೇಂಗಾ ಚಟ್ನಿ. ನನ್ನ ಚಿತ್ರಾನ್ನ ಅವಳಿಗೆ. ಅಷ್ಟು ಸುಖದ ಗುರುವಾರಗಳು ನನ್ನ ನೌಕರಿಯಲ್ಲಿ ಬೇರೆ ಇರಲಿಲ್ಲ.

ಫಲಿತಾಂಶ ಬರತೊಡಗಿತು. ಕೆಲವು ಚೀಲಗಳಲ್ಲಿ ಚಿನ್ನ ಅತ್ಯಲ್ಪ, ಕೆಲವುಗಳಲ್ಲಿ ಭರ್ಜರಿ. ಸರಾಸರಿ ಚೆನ್ನಾಗಿಯೇ ನಿಂತಿತು. ವಿನಯ್ ಅದನ್ನು ಮಾಡೆಲ್‌ಗೆ ತುಂಬಿಸಿದ. ಎಷ್ಟೋ ವರ್ಷದಿಂದ ಇಳಿಜಾರು ಹಿಡಿದಿದ್ದ ಗೆರೆ ತಲೆ ಎತ್ತಿ ಮೇಲಕ್ಕೆ ಹೋಯಿತು. ನಾವಿಬ್ಬರೂ ಪರದೆಯ ಮುಂದೆ ನಿಂತು ಕೈ ಕುಲುಕಿದೆವು. "ಸಾರ್, ಸಕ್ಕತ್ತಾಗಿದೆ ಸಾರ್, ನಿಮ್ಮ ಕೈಗುಣ" ಎಂದ ವಿನಯ್. ನಾನು ಉಬ್ಬಿದೆ. ಹಣ ಹೂಡುವವರ ಜೊತೆ ಸಭೆಗೆ ದಿನಾಂಕವೂ ನಿಗದಿಯಾಯಿತು.

ಪ್ರಯೋಗಾಲಯದ ಮುಖ್ಯಸ್ಥೆ ಲಲಿತಾ ಮೇಡಂ ಮಾತ್ರ ನಗಲಿಲ್ಲ. ಒಳ್ಳೆಯ ಸುದ್ದಿ ಬಂದರೆ ಅನುಮಾನ ಪಡುವ ಜಾತಿ ಅವರದು. ಕುಂದಲಹಳ್ಳಿಯಲ್ಲಿ ಅವರ ಮನೆಯೆದುರು ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದರು. ಅಲ್ಲಿ ರಸ್ತೆಗೆ ಚೆಲ್ಲಿದ್ದ ಜಲ್ಲಿಕಲ್ಲನ್ನು ಅರ್ಧ ಚೀಲ ತುಂಬಿಕೊಂಡು ಬಂದು, ಯಂತ್ರದಲ್ಲಿ ಪುಡಿ ಮಾಡಿಸಿ, ಗುಡ್ಡದ ಮರಳಿನ ಹಾಗೇ ನಂಬರ್ ಹಾಕಿ, ಯಾರಿಗೂ ಹೇಳದೆ ಸಾಲಿನಲ್ಲಿ ಇಟ್ಟುಬಿಟ್ಟರು. ಚಿನ್ನವೇ ಇಲ್ಲದ ಕಲ್ಲು; ಉತ್ತರ ಸೊನ್ನೆ ಬರಬೇಕು. ಬರದಿದ್ದರೆ ನಮ್ಮ ಕೆಲಸದಲ್ಲೇ ಎಲ್ಲೋ ಕೊಳೆ ಸೇರಿದೆ ಎಂದರ್ಥ.

ಮುಂದಿನ ಮಂಗಳವಾರ ನನಗೆ ಫೋನು ಬಂತು.

"ಮುನಿರಾಜು ಅವ್ರೇ, ಕುಂದಲಹಳ್ಳೀಲಿ ಚಿನ್ನ ಸಿಕ್ಕಿದೆ. ಟನ್ನಿಗೆ ಮೂರು ಗ್ರಾಂ."

"ಏನ್ ಮೇಡಂ ತಮಾಷೆ?"

"ತಮಾಷೆ ಅಲ್ಲ ಕಣ್ರೀ. ಜಲ್ಲಿ ಕಲ್ಲಲ್ಲಿ."

ಕಚೇರಿ ನಕ್ಕು ನಕ್ಕು ಸುಸ್ತಾಯಿತು. ವಿನಯ್‌ನ ತಂಡದ ತುಂಟರು ಅಂದೇ ಸಂಜೆಯೊಳಗೆ ಕುಂದಲಹಳ್ಳಿ ಚಿನ್ನದ ಗಣಿಯ ಇಪ್ಪತ್ತು ವರ್ಷದ ಮುನ್ನೋಟ ತಯಾರಿಸಿದರು. ಆ ಜಾಗದ ಚದರಡಿ ಬೆಲೆ ಹಾಕಿದರೆ ಕೆಳಗೆ ಇಡೀ ಬಂಡೆಯೇ ಚಿನ್ನವಾಗಿದ್ದರೂ ಗಿಟ್ಟುವುದಿಲ್ಲ ಎಂದು ತೀರ್ಮಾನ. ಸಂಪಂಗಪ್ಪನವರು ಇದ್ದಿದ್ದರೆ ಮೆಚ್ಚುತ್ತಿದ್ದರು.

ಬುಧವಾರ ನಗು ನಿಂತಿತು. ಮರಳಿಗೆ ಚಿನ್ನ ಸೇರುತ್ತಿದೆ, ಆ ಕೋಣೆಯ ಜವಾಬ್ದಾರಿ ಹುಲಿಗೆಮ್ಮನದು, ಆದ್ದರಿಂದ ಅವಳನ್ನು ತೆಗೆಯುತ್ತೇವೆ ಎಂದು ಗುತ್ತಿಗೆ ಕಂಪನಿಯ ಮೇಲ್ವಿಚಾರಕ ಹೇಳಿದ್ದಾನೆಂದು ಲಲಿತಾ ಮೇಡಂ ತಿಳಿಸಿದರು. ವಿನಯ್‌ಗೂ ಸಿಟ್ಟು. ಗುಡ್ಡದ ಬೆಲೆ ಏರಿಸಲು ಯಾರೋ ದುಡ್ಡು ಕೊಟ್ಟು ಮಾಡಿಸಿದ್ದಾರೆಂದು ಅವನ ಗುಮಾನಿ. ಹಿಂದೆ ಅಂಥ ಮೋಸಗಳು ನಡೆದದ್ದುಂಟು. ಕೆಲಸ ಹೋದರೆ ಶಾಲೆಯ ವರ್ಷದ ನಡುವೆ ಮಗಳ ಕೈ ಹಿಡಿದು ಅವಳು ಊರಿಗೆ ಹೋಗಬೇಕಾಗುತ್ತದೆ. ಅವಳು ಅಂಥವಳಲ್ಲ ಎಂದು ವಾದಿಸುತ್ತಲೇ ವಿನಯ್ ಜೊತೆ ಪೀಣ್ಯಕ್ಕೆ ಹೋದೆ.

ಲಲಿತಾ ಮೇಡಂ ಕೋಣೆಯಲ್ಲಿ ನಾವು ಮೂವರು, ಮೇಲ್ವಿಚಾರಕ, ಎದುರಿಗೆ ಹುಲಿಗೆಮ್ಮ ನಿಂತಿದ್ದಳು. ಮೇಲ್ವಿಚಾರಕ, "ಒಡವೆ ಗಿಡವೆ ಹಾಕ್ಕೊಂಡು ಒಳಗೆ ಹೋಗಿದ್ದೀಯ ತಾನೆ? ಒಪ್ಕೊಂಡ್ಬಿಡು" ಎಂದ. ಚಿನ್ನ ಮೆತ್ತಗಿನ ಲೋಹ, ಒರಟು ಮರಳಿಗೆ ಉಜ್ಜಿದರೆ ಕಣ್ಣಿಗೆ ಕಾಣದಷ್ಟು ಉದುರುತ್ತದೆ. ಅಷ್ಟೇ ಸಾಕು ಲೆಕ್ಕ ಕೆಡಲು. ಅದಕ್ಕೇ ಆ ಕೋಣೆಯ ಬಾಗಿಲಿಗೆ 'ಚಿನ್ನಾಭರಣ ಧರಿಸಿ ಒಳಗೆ ಬರಬಾರದು' ಎಂಬ ಬೋರ್ಡು ಇತ್ತು.

ಹುಲಿಗೆಮ್ಮ ಸೆರಗು ಸರಿಸಿ ಕತ್ತು ತೋರಿಸಿದಳು. ಅರಿಶಿಣ ದಾರಕ್ಕೆ ಒಂದು ಅರಿಶಿಣ ಕೊಂಬು. ಕಿವಿಯ ತೂತಿನಲ್ಲಿ ಬೇವಿನ ಕಡ್ಡಿ. ಕೈಯಲ್ಲಿ ಗಾಜಿನ ಬಳೆ.

"ನನ್ ಮೈಮ್ಯಾಗ ಬಂಗಾರ ಎಲ್ಲೈತ್ರಿ, ನೀವ ಹುಡುಕ್ರಿ. ಬೋರ್ಡ್ ಓದಿದ ದಿನಾನ ತಾಳಿ ಗುಂಡು, ಕಿವ್ಯಾನೂ ಬಿಚ್ಚಿ ಡಬ್ಬ್ಯಾಗ ಇಟ್ಟೀನಿ. ಗಂಡ ಇರೋವಾಗ ಬರೀ ಕೊಂಬ ಕಟ್ಕೊಂಡಾಳಂತ ನಮ್ಮತ್ತಿ ಮೂರು ವರ್ಷದಿಂದ ಬೈತಾಳ್ರಿ. ಬೈಸ್ಕೊಂಡೀನಿ. ಡಬ್ಬ್ಯಾಗಿಂದ ಹೊರಗ ತಗದಿಲ್ಲ."

ಲಲಿತಾ ಮೇಡಂ ಮೆಲ್ಲನೆ, "ಹಾಗಾದ್ರೆ ಆ ರೂಮಿಗೆ ಇನ್ಯಾರು ಹೋಗ್ತಾರೆ?" ಎಂದು ಕೇಳಿದರು. ಹುಲಿಗೆಮ್ಮ ನೆಲ ನೋಡಿದಳು.

ಇದನ್ನು ಬರೆಯಲು ಈಗಲೂ ನಾಚಿಕೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ನನ್ನ ಬಲಗೈ ತಾನಾಗಿ ಪ್ಯಾಂಟಿನ ಜೇಬಿಗೆ ಹೋಯಿತು. ಎಂಟು ತಿಂಗಳ ಹಿಂದೆ ಮಗಳ ಮದುವೆಯಲ್ಲಿ ಬೀಗರು ತೊಡಿಸಿದ ಉಂಗುರ ಆ ಕೈಯಲ್ಲಿತ್ತು, ಅಪರಂಜಿಯಂಥದ್ದು. ಜೇಬಿನೊಳಗೇ ಹೆಬ್ಬೆರಳಿಂದ ಸವರಿದೆ. ಅಂಗೈ ಕಡೆ ಸವೆದು ನುಣ್ಣಗಾಗಿತ್ತು. ಕೈ ಅಲ್ಲೇ ಇಟ್ಟುಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಹತ್ತು ಉಸಿರಿನಷ್ಟು ಹೊತ್ತು ಹಾಗೇ ಇಟ್ಟುಕೊಂಡೂ ಇದ್ದೆ. ಅವಳ ಕತ್ತಿನ ಅರಿಶಿಣ ಕೊಂಬು ಕಣ್ಣೆದುರೇ ಇತ್ತು. ಕೊನೆಗೆ ಕೈ ಹೊರತೆಗೆದು ಮೇಜಿನ ಮೇಲಿಟ್ಟೆ.

"ನಾನೇ ಮೇಡಂ."

ಲಲಿತಾ ಮೇಡಂ ರಿಜಿಸ್ಟರು ತೆರೆದು ಬೆರಳಾಡಿಸಿದರು. ಭರ್ಜರಿ ಚೀಲಗಳೆಲ್ಲ ಗುರುವಾರದವು. ಜಲ್ಲಿಯ ಚೀಲವೂ ಗುರುವಾರದ್ದೇ, ನಾನೇ ಕಲಸಿದ್ದು. "ಬೋರ್ಡು ಓದಿರ್ಲಿಲ್ವಾ ಸಾರ್?" ಎಂದರು.

"ಪ್ರತಿ ವಾರ ಓದ್ತಿದ್ದೆ ಮೇಡಂ. ಅದು ಕೆಲಸದವ್ರಿಗೆ ಅಂತ ಅಂದ್ಕೊಂಡಿದ್ದೆ."

ಹುಡುಗರೇ, ನನ್ನ ಮೂವತ್ತನಾಲ್ಕು ವರ್ಷದಲ್ಲಿ ನಿಮಗೆ ಉಪಯೋಗಕ್ಕೆ ಬರುವ ಮಾತು ಏನಾದರೂ ಇದ್ದರೆ ಈ ಒಂದು ತಪ್ಪೊಪ್ಪಿಗೆ. ನಮ್ಮಂಥ ಆಫೀಸರುಗಳು ಬೋರ್ಡನ್ನು ಓದುತ್ತೇವೆ, ಅದು ನಮಗೂ ಸೇರಿದ್ದೆಂದು ನಮಗೆ ಹೊಳೆಯುವುದೇ ಇಲ್ಲ.

ನಾನು ಹುಲಿಗೆಮ್ಮನ ಕಡೆ ತಿರುಗಿ, "ನಿಂಗೆ ಗೊತ್ತಿತ್ತೇನಮ್ಮ?" ಎಂದೆ.

"ಗೊತ್ತಿತ್ರಿ. ಒಂದಿನ ಅಂದ್ನಲ್ರಿ, 'ಉಂಗ್ರ ಚಲೋ ಐತ್ರಿ ಸರ, ಉಸುಕಿನ್ಯಾಗ ಸವದೀತು' ಅಂತ. ನೀವು 'ಬೀಗರು ಭಾಳ ದೊಡ್ಡ ಜನ' ಅಂತ ಹೇಳಾಕ್ಹತ್ತಿದ್ರಿ. ನಾ ಮತ್ತೇನ್ ಅನ್ನಲ್ರಿ."

ವಿನಯ್ ಮೊದಲು ಬಾಯಿಗೆ ಕೈ ಅಡ್ಡ ಇಟ್ಟ. ಆಮೇಲೆ ತಡೆಯಲಾಗದೆ ನಕ್ಕುಬಿಟ್ಟ. "ಸಾರ್, ನಿಮ್ ಬೀಗರ ಉಂಗುರದಿಂದ ದೇಶದ ಇಪ್ಪತ್ತು ವರ್ಷದ ಉತ್ಪಾದನೆನೇ ಏರಿಸಿಬಿಟ್ರಲ್ಲ ಸಾರ್" ಎಂದ. ಲಲಿತಾ ಮೇಡಂ ಕೂಡ ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ನಗಲೂ ಆಗಲಿಲ್ಲ, ಅಳಲೂ ಆಗಲಿಲ್ಲ.

ಮೇಲ್ವಿಚಾರಕ ಮಾತ್ರ ಬಗ್ಗಲಿಲ್ಲ. ತಪ್ಪು ನನ್ನದೆಂದು ಬರೆದುಕೊಡುತ್ತೇನೆ ಎಂದೆ. "ನಿಮ್ಮ ಕಾಗದ ಬೇಡ ಸಾರ್. ಉಂಗುರದ ಚಿನ್ನ ಎಷ್ಟು, ಇವಳ ಕೊಳೆ ಎಷ್ಟು ಅಂತ ಯಾರಿಗೆ ಗೊತ್ತು? ಇನ್ನೊಂದ್ಸಲ ಜಲ್ಲಿ ಹಾಕಿ ನೋಡಿ. ಸೊನ್ನೆ ಬಂದ್ರೆ ಇರ್ಲಿ, ಬರ್ಲಿಲ್ಲ ಅಂದ್ರೆ ಹೋಗ್ಲಿ." ಅವನ ಮಾತಿನಲ್ಲಿ ನ್ಯಾಯವಿತ್ತು, ಅದೇ ನನಗೆ ಭಯ. ನಾನು ಗುರುವಾರ ಗುರುವಾರ ಆ ಕೋಣೆಯಲ್ಲಿ ಉದುರಿಸಿದ್ದು ಟಾರ್ಪಾಲಿನ ಮಡಿಕೆಯಲ್ಲಿ, ಮೊರದ ಸಂದಿಯಲ್ಲಿ ಎಷ್ಟು ಉಳಿದಿದೆಯೋ ಏನೋ. ಅದು ಜಲ್ಲಿಗೆ ಸೇರಿದರೆ ನನ್ನ ತಪ್ಪಿಗೆ ಅವಳ ಕೆಲಸ ಹೋಗುತ್ತದೆ.

ಹುಲಿಗೆಮ್ಮ ಹೆದರಿದಂತೆ ಕಾಣಲಿಲ್ಲ. ಗುರುವಾರ ಇಡೀ ದಿನ ಕೋಣೆ ತೊಳೆದಳು. ಟಾರ್ಪಾಲು ಉಜ್ಜಿದಳು, ಜರಡಿಯ ಕಣ್ಣು ಕಣ್ಣನ್ನೂ ಬ್ರಶ್ಶಿನಿಂದ ತಿಕ್ಕಿದಳು. ನಾನು ಸಹಾಯಕ್ಕೆ ಹೋದರೆ, "ನೀವ್ ದೂರ ನಿಂದ್ರರಿ ಸರ, ಪುಣ್ಯ ಬರ್ತೈತಿ" ಎಂದಳು. ಶುಕ್ರವಾರ ಲಲಿತಾ ಮೇಡಂ ಜಲ್ಲಿ ಪುಡಿಯ ಮೂರು ಚೀಲಗಳನ್ನು ಬೇರೆ ಚೀಲಗಳ ನಡುವೆ ಬಚ್ಚಿಟ್ಟರು. ಎಲ್ಲವನ್ನೂ ಅವಳೊಬ್ಬಳೇ ಕಲಸಿದಳು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ.

ಆ ಭಾನುವಾರ ಮನೆಯಲ್ಲಿ ಸೋಪು ಹಚ್ಚಿ ಉಂಗುರ ಕಿತ್ತೆ. ಬೀಗರ ಮರ್ಯಾದೆ ತೆಗೆಯುತ್ತೀರಾ ಎಂದು ಹೆಂಡತಿ ಗದರಿದಳು. ಕತೆ ಕೇಳಿದ ಮೇಲೆ ಅವಳೇ ಅದನ್ನು ಅರಿಶಿಣದ ಬಟ್ಟಲಿಗೆ ಹಾಕಿ ದೇವರ ಗೂಡಿನಲ್ಲಿಟ್ಟಳು. ವಿನಯ್ ಗುರುವಾರದ ಚೀಲಗಳನ್ನೆಲ್ಲ ಮಾಡೆಲ್‌ನಿಂದ ತೆಗೆದ. ಗೆರೆ ಮತ್ತೆ ಇಳಿಜಾರು ಹಿಡಿಯಿತು. ಗುಡ್ಡದಲ್ಲಿ ಚಿನ್ನ ಇತ್ತು, ಆದರೆ ಸ್ವಲ್ಪ. ಇನ್ನಷ್ಟು ಬೆಲೆ ಏರಿದರೆ ಮಾತ್ರ ಗಿಟ್ಟುವಷ್ಟು. ಹಾಗೇ ವರದಿಯಲ್ಲಿ ಬರೆದೆವು. ಸಭೆಯಲ್ಲಿ ಯಾರೂ ಕೈ ಕುಲುಕಲಿಲ್ಲ. ವಿನಯ್ ನನ್ನ ಮೇಲೆ ಒಂದು ಮಾತೂ ಹಾಕದೆ, ಅಳತೆಯಲ್ಲಿ ತಪ್ಪಾಗಿತ್ತು, ತಿದ್ದಿದ್ದೇವೆ ಎಂದಷ್ಟೇ ಹೇಳಿದ. ಅವನನ್ನು ನಾನು ಅಂದಿನಿಂದ ಮೇಲಧಿಕಾರಿ ಎಂದು ಮನಸಾರೆ ಒಪ್ಪಿದೆ.

ಬುಧವಾರ ಮಧ್ಯಾಹ್ನ ಜಲ್ಲಿಯ ಫಲಿತಾಂಶ. ಕುಲುಮೆಯಿಂದ ತೆಗೆದ ಪುಟ್ಟ ಬಟ್ಟಲುಗಳಿಂದ ಹಿಡಿದು ಕೊನೆಯ ತೂಕದವರೆಗೆ ಎಲ್ಲವನ್ನೂ ಲಲಿತಾ ಮೇಡಂ ತಾವೇ ಮಾಡಿದರು. ಕಾರಿಡಾರಿನಲ್ಲಿ ನಾನು, ಮೇಲ್ವಿಚಾರಕ, ಒರೆಸುವ ಬಟ್ಟೆ ಕೈಯಲ್ಲೇ ಹಿಡಿದ ಹುಲಿಗೆಮ್ಮ. ಅವಳು ಆ ಬಟ್ಟೆಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತಿದ್ದಳು. ಮೇಡಂ ಬಾಗಿಲು ತೆರೆದು ಒಂದೊಂದೇ ಚೀಟಿ ಓದಿದರು.

"ಸೊನ್ನೆ. ಸೊನ್ನೆ. ಸೊನ್ನೆ."

ನಾನು ಚಪ್ಪಾಳೆ ತಟ್ಟಿಬಿಟ್ಟೆ. ಮೇಲ್ವಿಚಾರಕ, "ಆಯ್ತಮ್ಮ, ಕೆಲಸ ನೋಡ್ಕೋ ಹೋಗು" ಎಂದು ತಾನೂ ಹಲ್ಲು ಬಿಟ್ಟ. ಜೀವಮಾನವಿಡೀ ಚಿನ್ನ ಎಷ್ಟಿದೆ ಎಂದು ಹುಡುಕಿದ ನನಗೆ, ಏನೂ ಇಲ್ಲ ಎಂಬ ಮಾತು ಅಷ್ಟು ಸಂತೋಷ ಕೊಟ್ಟೀತೆಂದು ಗೊತ್ತಿರಲಿಲ್ಲ. ಮೆಟ್ರೊ ಸ್ಟೇಷನ್ ಕೆಳಗಿನ ಅಂಗಡಿಗೆ ಓಡಿ ಒಂದು ಕೇಜಿ ಮೈಸೂರು ಪಾಕು ತಂದು ಎಲ್ಲರಿಗೂ ಹಂಚಿದೆ.

ಹುಲಿಗೆಮ್ಮ ಒಂದು ತಿಂದು, ಮಗಳಿಗೆಂದು ಎರಡು ಕಾಗದದಲ್ಲಿ ಕಟ್ಟಿಕೊಂಡಳು. "ಏನೂ ಸಿಗಲಿಲ್ಲಂತ ಸೀ ಹಂಚೋ ಬಂಗಾರದ ಆಫೀಸು ಇದೊಂದ ನೋಡ್ರಿ" ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಇನ್ನೂ ನಾಲ್ಕು ಚೀಲ ಬಾಕಿ ಇದೆಯೆಂದು ತನ್ನ ಕೋಣೆಯತ್ತ ಹೊರಟಳು. ನಾನೂ ಅಭ್ಯಾಸಬಲದಿಂದ ಹಿಂದೆ ಹೋದೆ. ಅವಳು ಬೋರ್ಡಿನ ಕೆಳಗೆ, ಬಾಗಿಲಿಗೆ ಅಡ್ಡ ನಿಂತಳು.

"ಕೈ ತೋರಸ್ರಿ ಸರ."

ಎರಡೂ ಕೈ ಮುಂದೆ ಚಾಚಿದೆ. ಹುಲಿಗೆಮ್ಮ ಅವನ್ನು ಅಂಗೈ ಮೇಲೆ ಮಾಡಿಸಿ ನೋಡಿದಳು, ಮಗುಚಿಸಿ ನೋಡಿದಳು, ಉಂಗುರವಿದ್ದ ಬೆರಳಿನ ಬಿಳಿ ಗೆರೆಯನ್ನು ಇನ್ನೊಮ್ಮೆ ನೋಡಿದಳು. ಆಮೇಲೆ ಒಂದು ಜೊತೆ ಗ್ಲೌಸು ನನ್ನ ಕೈಗಿಟ್ಟು ಬಾಗಿಲು ಬಿಟ್ಟಳು.

"ಬರ್ರಿ ಒಳಗ."